ಸ್ನೇಹಾಳ ಹೃದಯ ಉಳಿಯಿತು, ಡಿಸಿ ಕುರ್ಚಿ ಯಾಕೆ ಉಳಿಯಲಿಲ್ಲ?

2024ರ ನವೆಂಬರ್ ತಿಂಗಳು. ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನಲ್ಲಿ ಉಪಚುನಾವಣೆ. ನ್ಯೂಸ್ ಚಾನೆಲ್‌ಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಆ ತಿಂಗಳ ಒಂದು ಇಡೀ ವಾರ ಚರ್ಚೆಯಾಗಿದ್ದು ಒಬ್ಬ ಜಿಲ್ಲಾಧಿಕಾರಿಯ ಸಾವು. ಹೆಸರು ಸ್ನೇಹಾ, ಊರು ದೇವಿಪುರ. ಅವಳು ಇದ್ದದ್ದು ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ.

“ಸಾಯ್ಸೇ ಬಿಟ್ರಲ್ಲಾ” ಅಂತ ಚಿಕ್ಕಮ್ಮನ ವಾಯ್ಸ್ ಮೆಸೇಜ್. “ಹೆಣ ಸರಿಯಾಗಿ ತೋರ್ಸಿಲ್ಲ, ವಾಪಸ್ ಬರ್ತಾಳೆ ನೋಡ್ತಿರಿ” ಅಂತ ಅತ್ತೆಯ ಸಮಾಧಾನ. ನಾನೂ ಅತ್ತೆಯ ಪಕ್ಷದಲ್ಲೇ ಇದ್ದೆ. ಧಾರಾವಾಹಿ ನೋಡುವ ಯಾರಿಗಾದರೂ ಈ ನಿಯಮ ಗೊತ್ತು: ಸುಟ್ಟು ಬೂದಿ ಬಿಡುವವರೆಗೆ ಯಾರೂ ಸತ್ತಿಲ್ಲ. ಆದರೆ ಸ್ನೇಹಾ ವಾಪಸ್ ಬರಲಿಲ್ಲ. ಅಪಘಾತದಲ್ಲಿ ಸತ್ತ ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿದರು. ಆ ಹುಡುಗಿಯ ಹೆಸರೂ ಸ್ನೇಹಾ. ಕಥೆ ಮುಂದೆ ಹೋಯಿತು.

ಧಾರಾವಾಹಿ ನೋಡ್ತೀನಿ ಅಂದರೆ ನನ್ನ ರಾಜಕೀಯ ಗೆಳೆಯರು ನಗುತ್ತಾರೆ. ನಗಲಿ. ನಮ್ಮ ಊರುಗಳಲ್ಲಿ ಸಂಜೆ ಹೊತ್ತು ಹೆಣ್ಣುಮಕ್ಕಳು ಒಟ್ಟಿಗೆ ಕೂತು ಆಸ್ತಿ, ಮದುವೆ, ಸಾಲ, ಗಂಡನ ಮನೆಯ ದಬ್ಬಾಳಿಕೆ ಬಗ್ಗೆ ಬಾಯಿಬಿಟ್ಟು ಅಭಿಪ್ರಾಯ ಹೇಳುವ ಜಾಗ ಇದು. ಅಂಥ ಜಾಗದಲ್ಲಿ ಒಬ್ಬ ಡಿಸಿ ಸತ್ತರೆ ಅದಕ್ಕೆ ಕಾರಣ ಹುಡುಕಬೇಕು.

ಸತ್ತಿದ್ದು ಯಾರು?

2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಈ ಕಥೆಯ ಎಳೆ ತುಂಬಾ ಸರಳ. ಪುಟ್ಟಕ್ಕನಿಗೆ ಮೂರೂ ಹೆಣ್ಣುಮಕ್ಕಳು: ಸಹನಾ, ಸ್ನೇಹಾ, ಸುಮಾ. ಗಂಡು ಹುಟ್ಟಲಿಲ್ಲ ಅಂತ ಗಂಡ ಗೋಪಾಲಯ್ಯ ಇನ್ನೊಂದು ಮದುವೆಯಾಗುತ್ತಾನೆ. ಪುಟ್ಟಕ್ಕ ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಎರಡನೇ ಮಗಳು ಸ್ನೇಹಾ ಡಿಸಿ ಆಗಬೇಕು ಅಂತ ಹಟ ಹಿಡಿಯುತ್ತಾಳೆ.

ಇದು ಹಳೇ ಕಾಲದ ಕಥೆ ಅನ್ನುವವರು 2023ರ ನವೆಂಬರ್ ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾಯ್ದೆ ಬಂದಿದ್ದು 1994ರಲ್ಲಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದದ್ದು 948 ಹೆಣ್ಣುಮಕ್ಕಳು. ಹಾಗಾಗಿ ಪುಟ್ಟಕ್ಕ ಎಲ್ಲೋ ದೂರದವಳಲ್ಲ.

ಇನ್ನೊಂದು ಎಳೆ ಬಡ್ಡಿಯದ್ದು. ಮೀಟರ್ ಬಡ್ಡಿ ವ್ಯವಹಾರದ ಬಂಗಾರಮ್ಮನಿಗೆ ಇಡೀ ಊರು ಹೆದರುತ್ತದೆ. ಅವಳ ಮಗ ಕಂಠಿ, ತಾನು ಯಾರು ಅನ್ನೋದನ್ನು ಮುಚ್ಚಿಟ್ಟು ಸ್ನೇಹಾಳನ್ನು ಮದುವೆಯಾಗುತ್ತಾನೆ. ಮುಂದೆ ಅವಳು ಡಿಸಿ ಆಗುತ್ತಾಳೆ. ಅಂದರೆ ಬಡ್ಡಿ ಮನೆಯ ಸೊಸೆಯೇ ಜಿಲ್ಲಾಡಳಿತ! ಇದಕ್ಕಿಂತ ಒಳ್ಳೆಯ ಸಂಘರ್ಷ ಯಾವ ಬರಹಗಾರನಿಗೆ ಬೇಕು? ಅತ್ತೆಯ ಬಡ್ಡಿ ಲೆಕ್ಕದ ಪುಸ್ತಕ ಸೊಸೆಯ ಟೇಬಲ್ ಮೇಲೆ ಬಂದರೆ ಏನಾಗುತ್ತೆ ಅಂತ ನಾನು ಕಾಯುತ್ತಿದ್ದೆ.

ಸ್ನೇಹಾ ಸತ್ತು ಮೂರೇ ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಸಾಲ ವಸೂಲಿ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಊರು ಬಿಟ್ಟು ಹೋದವರ, ಜೀವ ಕಳೆದುಕೊಂಡವರ ಸುದ್ದಿಗಳು ಆ ದಿನಗಳಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ರಾಜ್ಯದಲ್ಲಿ ಈ ವಿಷಯಕ್ಕೆ ಬೆಂಕಿ ಹತ್ತಿದ ಹೊತ್ತಿಗೆ, ಈ ವಿಷಯವನ್ನು ಮನೆಮನೆಗೆ ಒಯ್ಯಬಹುದಾಗಿದ್ದ ಡಿಸಿ ಪರದೆಯ ಮೇಲೆ ಇರಲಿಲ್ಲ.

ಒಂದು ವಾರವನ್ನು ಹೇಗೆ ಕಟ್ಟುತ್ತಾರೆ?

ನಾವು ನೋಡುವುದು ಕಥೆ. ಚಾನೆಲ್ ನೋಡುವುದು ವಾರ. ಈ ವ್ಯತ್ಯಾಸ ತಿಳಿದರೆ ಅರ್ಧ ಸಿಟ್ಟಿಗೆ ಉತ್ತರ ಸಿಗುತ್ತದೆ.

ಟಿವಿ ವೀಕ್ಷಣೆಯನ್ನು ಅಳೆಯುವುದು ಬಾರ್ಕ್ ಅನ್ನುವ ಸಂಸ್ಥೆ. ಇದು ಸರ್ಕಾರದ್ದಲ್ಲ. ಚಾನೆಲ್‌ಗಳು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಸೇರಿ ಕಟ್ಟಿಕೊಂಡಿರುವುದು. ಆಯ್ದ ಮನೆಗಳ ಟಿವಿಗೆ ಒಂದು ಮೀಟರ್ ಕೂರಿಸುತ್ತಾರೆ. ಕಾರ್ಯಕ್ರಮದ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಬೆರೆತಿರುತ್ತದೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟ್‌ನಲ್ಲಿ ಒಂದೊಂದು ಬಟನ್ ಇರುತ್ತದೆ. ಟಿವಿ ಮುಂದೆ ಕೂತವರು ತಮ್ಮ ಬಟನ್ ಒತ್ತಬೇಕು.

ಲೆಕ್ಕದ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಅಂಕಿ ಹೊರಬರುವುದು ಮುಂದಿನ ಗುರುವಾರ. ಧಾರಾವಾಹಿ ಲೋಕದ ಪಾಲಿಗೆ ಪ್ರತಿ ಗುರುವಾರವೂ ರಿಸಲ್ಟ್ ದಿನ.

ಈಗ ಟಿಆರ್‌ಪಿ ಅಂದರೆ ಏನು ಅಂತ ನೋಡೋಣ. ‘ಎಷ್ಟು ಜನ ನೋಡಿದರು’ ಅನ್ನುವುದಷ್ಟೇ ಅಲ್ಲ, ‘ಎಷ್ಟು ಹೊತ್ತು ನೋಡಿದರು’ ಅನ್ನುವುದೂ ಅದರಲ್ಲಿ ಸೇರುತ್ತದೆ. ನೂರು ಜನರಲ್ಲಿ 10 ಮಂದಿ ಪೂರ್ತಿ 30 ನಿಮಿಷ ಕೂತರೂ ರೇಟಿಂಗ್ 10. 20 ಮಂದಿ ಬಂದು 15 ನಿಮಿಷಕ್ಕೇ ಎದ್ದು ಹೋದರೂ 10. ಹಾಗಾಗಿ ನೋಡುವವರನ್ನು ಕರೆತರುವುದು ಎಷ್ಟು ಮುಖ್ಯವೋ, ಕೂತವರು ಏಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಒಂದು ಕಪಾಳಮೋಕ್ಷವನ್ನು ಮೂರು ಕಡೆಯಿಂದ ತೋರಿಸಿ, ಆಮೇಲೆ ಮನೆಯ ಎಂಟೂ ಮಂದಿಯ ಮುಖಕ್ಕೆ ಕ್ಯಾಮೆರಾ ಹೋಗುವುದು ಇದಕ್ಕೇ. ಟ್ರಾಯ್ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು, ಪ್ರೊಮೊ ಹಾಕಬಹುದು. ಅಂದರೆ ಅರ್ಧ ಗಂಟೆಯಲ್ಲಿ ಕಥೆಗೆ ಸಿಗುವುದು ಹೆಚ್ಚೆಂದರೆ 24 ನಿಮಿಷ. ಅದರಲ್ಲಿ ಶೀರ್ಷಿಕೆ ಗೀತೆ, ನಿನ್ನೆಯ ಕಥೆ ಕಳೆಯಿರಿ. ಹೀಗೆ ವಾರಕ್ಕೆ ಐದು, ಕೆಲವು ಸಲ ಆರು ಕಂತು, ವರ್ಷಗಟ್ಟಲೆ.

ಇಂಥ ವಾರಕ್ಕೆ ಒಂದು ಸ್ವರೂಪ ತಾನಾಗಿಯೇ ಬಂದಿದೆ. ವಾರದ ಮೊದಲಲ್ಲಿ ಹಿಂದಿನ ಶುಕ್ರವಾರದ ಗಂಟು ಬಿಚ್ಚಬೇಕು. ನಡುವೆ ಹೊಸ ಗಂಟು ಹಾಕಬೇಕು. ಶುಕ್ರವಾರ ಅದನ್ನು ಬಿಗಿದು ನಮ್ಮನ್ನು ಎರಡು ದಿನ ಒದ್ದಾಡಲು ಬಿಡಬೇಕು. ಅಂಕಿ ಕುಸಿದರೆ ಮಹಾಸಂಚಿಕೆ, ಎರಡು ಧಾರಾವಾಹಿಗಳ ಮಹಾಸಂಗಮ, ಇಲ್ಲವೇ ಒಂದು ಸಾವು. ಸಾವಿನ ವಾರಕ್ಕೆ ಪ್ರೊಮೊ ಸಲೀಸಾಗಿ ಸಿಗುತ್ತದೆ. ಆಸ್ಪತ್ರೆ, ಅಳು, ಅಂತ್ಯಸಂಸ್ಕಾರ ಅಂತ ಐದು ದಿನಕ್ಕೆ ಸಾಮಗ್ರಿಯೂ ಸಿಗುತ್ತದೆ.

ಇಂಜಿನಿಯರಿಂಗ್‌ನಲ್ಲಿ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಕಲಿತ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಫೀಡ್‌ಬ್ಯಾಕ್ ತಡವಾಗಿ ಬಂದರೆ ವ್ಯವಸ್ಥೆ ಓಲಾಡಲು ಶುರುಮಾಡುತ್ತದೆ. ಹಳೇ ಬಾತ್‌ರೂಮಿನ ಗೀಸರ್ ನೆನೆಸಿಕೊಳ್ಳಿ. ನಲ್ಲಿ ತಿರುಗಿಸುತ್ತೀರಿ, ಬಿಸಿನೀರು ಬರಲು ತಡ. ಇನ್ನಷ್ಟು ತಿರುಗಿಸುತ್ತೀರಿ. ಆಮೇಲೆ ಒಮ್ಮೆಲೇ ಮೈ ಸುಡುತ್ತದೆ. ಗಾಬರಿಯಾಗಿ ತಣ್ಣೀರು ಬಿಡುತ್ತೀರಿ, ನಡುಗುತ್ತೀರಿ. ಧಾರಾವಾಹಿ ಬರೆಯುವವರ ಸ್ಥಿತಿಯೂ ಇದೇ. ಗುರುವಾರ ಅವರ ಕೈಗೆ ಬರುವುದು ಕಳೆದ ವಾರದ ಅಂಕಿ. ಅಷ್ಟರಲ್ಲಿ ಈ ವಾರದ ಬಹುಪಾಲು ಕಂತುಗಳು ಪ್ರಸಾರ ಆಗಿಹೋಗಿರುತ್ತವೆ. ಮುಂದಿನ ಕಂತುಗಳ ಶೂಟಿಂಗ್ ನಡೆಯುತ್ತಿರುತ್ತದೆ. ಒಳ್ಳೆಯವಳಾಗಿದ್ದ ಅತ್ತೆ ಒಂದೇ ತಿಂಗಳಲ್ಲಿ ರಾಕ್ಷಸಿಯಾಗಿ ಮತ್ತೆ ದೇವತೆಯಾಗುವುದು ಬರಹಗಾರರ ದಡ್ಡತನದಿಂದಲ್ಲ, ಈ ಓಲಾಟದಿಂದ.

ಪಾತ್ರಧಾರಿ ಹೋದರೆ ಪಾತ್ರ ಸಾಯಲೇಬೇಕಾ?

ಸ್ನೇಹಾ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರನಡೆದರು. ಅದು ಅವರ ಹಕ್ಕು. ವರ್ಷಗಟ್ಟಲೆ ದಿನವಿಡೀ ಶೂಟಿಂಗ್ ಮಾಡುವ ಯಾರೇ ಆದರೂ ಸಾಕು ಅನ್ನಬಹುದು. ಅವರನ್ನು ಬೈದು ಕಾಮೆಂಟ್ ಹಾಕಿದ ಅಭಿಮಾನಿಗಳ ಜೊತೆ ನಾನಿಲ್ಲ.

ಆದರೆ ಪಾತ್ರಧಾರಿ ಹೋದಾಗ ಮುಂದೆ ಎರಡು ದಾರಿ ಇರುತ್ತದೆ. ಒಂದು, ಬೇರೆಯವರನ್ನು ತರುವುದು. ಕನ್ನಡ ಕಿರುತೆರೆಗೆ ಇದು ಹೊಸದೇನಲ್ಲ. ‘ಲಕ್ಷ್ಮೀ ಬಾರಮ್ಮ’ದಲ್ಲಿ ಕವಿತಾ ಗೌಡ ಹೋದ ಮೇಲೆ ಅದೇ ಪಾತ್ರಕ್ಕೆ ರಶ್ಮಿ ಪ್ರಭಾಕರ್ ಬಂದರು. ಜನ ಒಂದೆರಡು ವಾರ ಗೊಣಗಿದರು, ಆಮೇಲೆ ಒಪ್ಪಿಕೊಂಡರು. ಎರಡನೆಯದು, ಪಾತ್ರವನ್ನೇ ಮುಗಿಸುವುದು. ಇಲ್ಲಿ ಆಯ್ದುಕೊಂಡಿದ್ದು ಎರಡನೆಯದನ್ನು.

ಆಯ್ಕೆ ಇತ್ತು ಅಂದಮೇಲೆ ಏನು ಉಳಿಸಿಕೊಂಡರು, ಏನು ಬಿಟ್ಟರು ಅಂತ ಕೇಳಬಹುದು. ಹೆಸರು ಉಳಿಯಿತು. ಹೃದಯ ಉಳಿಯಿತು. ಕಂಠಿಗೆ ಮತ್ತೊಂದು ಪ್ರೇಮಕಥೆಯ ದಾರಿ ತೆರೆಯಿತು. ಉಳಿಯದೇ ಹೋಗಿದ್ದು ಡಿಸಿ ಹುದ್ದೆ. ಹೊಸ ಸ್ನೇಹಾ ಡಿಸಿ ಅಲ್ಲ. ಮೂರು ಹೆಣ್ಣು ಹೆತ್ತಿದ್ದಕ್ಕೆ ಮನೆಯಿಂದ ಹೊರಬಿದ್ದ ತಾಯಿಗೆ ಮಗಳು ಕೊಟ್ಟ ಉತ್ತರವೇ ಆ ಕುರ್ಚಿ ಆಗಿತ್ತು. ಕಥೆಯಲ್ಲಿ ಹೆಂಡತಿಯ ಜಾಗ ತುಂಬಲೇಬೇಕಾದ ಜಾಗವಾಯಿತು. ಅಧಿಕಾರಿಯ ಜಾಗ ಖಾಲಿ ಇದ್ದರೂ ನಡೆಯಿತು. ಆ ವಾರ ನನಗೆ ಸಂಕಟವಾಗಿದ್ದು ಸಾವಿಗಿಂತ ಹೆಚ್ಚಾಗಿ ಈ ಲೆಕ್ಕಾಚಾರಕ್ಕೆ.

ಅಂಗಾಂಗ ದಾನವನ್ನು ತೋರಿಸಿದ್ದು ಒಳ್ಳೆಯದೇ. ಪುನೀತ್ ರಾಜ್‌ಕುಮಾರ್ ನೇತ್ರದಾನದ ನಂತರ ಸಾವಿರಾರು ಜನ ಹೆಸರು ನೋಂದಾಯಿಸಿದ್ದು ನಾವೇ ಕಂಡಿದ್ದೇವೆ. ಜನಪ್ರಿಯ ಮುಖಕ್ಕೆ ಆ ಶಕ್ತಿ ಇದೆ. ಆದರೆ ವಾಸ್ತವದಲ್ಲಿ ದಾನಿಯ ಮತ್ತು ಪಡೆದವರ ಗುರುತನ್ನು ಗುಟ್ಟಾಗಿ ಇಡುತ್ತಾರೆ. ರಾಜ್ಯದಲ್ಲಿ ಯಾರಿಗೆ ಯಾವ ಅಂಗ ಅನ್ನುವುದು ‘ಜೀವಸಾರ್ಥಕತೆ’ಯ ಪಟ್ಟಿಯ ಪ್ರಕಾರ ನಡೆಯುತ್ತದೆ. ಹೃದಯದ ಜೊತೆ ಪ್ರೀತಿಯೂ ವರ್ಗಾವಣೆ ಆಗುವುದಿಲ್ಲ. ಹೃದಯ ರಕ್ತ ಪಂಪ್ ಮಾಡುವ ಸ್ನಾಯು, ಗಂಡನ ನೆನಪು ಅದರಲ್ಲಿ ಕೂತಿರುವುದಿಲ್ಲ.

ಯಾರ ಕಣ್ಣಿಗೆ ಲೆಕ್ಕ?

ಆ ವಾರ ಸೋಶಿಯಲ್ ಮೀಡಿಯಾದಲ್ಲಿ ಬೈದವರು ಕಡಿಮೆ ಇರಲಿಲ್ಲ. ಹಾಗಾದರೆ ಯಾಕೆ ಯಾರೂ ಕೇಳಿಸಿಕೊಳ್ಳಲಿಲ್ಲ? ಯಾಕೆಂದರೆ ಮೀಟರ್‌ಗೆ ಭಾಷೆ ಬರುವುದಿಲ್ಲ. ಇಷ್ಟಪಟ್ಟು ನೋಡಿದವರೂ ಒಂದೇ, ಬೈದುಕೊಂಡು ನೋಡಿದವರೂ ಒಂದೇ. ನನ್ನಂತೆ ಫೋನಿನ ಆ್ಯಪ್‌ನಲ್ಲಿ ನೋಡುವವರು ಗುರುವಾರದ ಆ ಅಂಕಿಯಲ್ಲಿ ಇಲ್ಲವೇ ಇಲ್ಲ. ಹಾಸ್ಟೆಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡುವ, ಕೆಎಎಸ್‌ಗೋ ಐಎಎಸ್‌ಗೋ ಓದುತ್ತಿರುವ ಹುಡುಗಿಯೂ ಇಲ್ಲ. ಸ್ನೇಹಾಳ ಹುದ್ದೆ ಯಾರಿಗೆ ಹೆಚ್ಚು ಮುಖ್ಯವಾಗಿತ್ತೋ ಅವರೇ ಎಣಿಕೆಯಿಂದ ಹೊರಗೆ.

ಎಣಿಕೆಯ ಒಳಗಿರುವವರಾದರೂ ಎಷ್ಟು? ಕೇಂದ್ರ ವಾರ್ತಾ ಇಲಾಖೆ 2025ರಲ್ಲಿ ಕೊಟ್ಟ ಲೆಕ್ಕದಂತೆ ದೇಶದ ಸುಮಾರು 23 ಕೋಟಿ ಟಿವಿ ಮನೆಗಳಲ್ಲಿ ಮೀಟರ್ ಇದ್ದದ್ದು ಸುಮಾರು 58 ಸಾವಿರ ಮನೆಗಳಲ್ಲಿ. ಅಂದರೆ ಹೆಚ್ಚುಕಡಿಮೆ 4000 ಮನೆಗೆ ಒಂದು. ಸ್ಯಾಂಪಲ್ ಚಿಕ್ಕದಿದ್ದ ಮಾತ್ರಕ್ಕೆ ಅದು ಸುಳ್ಳಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಸಾಕು. ಆದರೆ ರಾಜ್ಯ, ಭಾಷೆ, ಊರು, ವಯಸ್ಸು ಅಂತ ಒಡೆಯುತ್ತಾ ಹೋದಂತೆ ಪ್ರತಿ ಪಾಲಿಗೆ ಬರುವ ಮನೆಗಳು ಕಡಿಮೆಯಾಗುತ್ತವೆ. ಆಗ ಅರ್ಧ ಪಾಯಿಂಟ್ ಏರಿಳಿತ ನಿಜವೋ ಬರೀ ಆಕಸ್ಮಿಕವೋ ಹೇಳುವುದು ಕಷ್ಟ. ಆ ಅರ್ಧ ಪಾಯಿಂಟಿಗೇ ಕಥೆಗಳ ದಿಕ್ಕು ಬದಲಾಗುತ್ತದೆ. ಮೀಟರ್ ಇರುವ ಮನೆಗಳ ಸಂಖ್ಯೆಯನ್ನು ಹೆಚ್ಚಿಸುವ ಪ್ರಸ್ತಾಪ ಅದೇ ವರ್ಷ ಇಲಾಖೆಯ ಕರಡಿನಲ್ಲಿ ಬಂತು. ಆ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಓದಿದೆವು?

ಮತಪಟ್ಟಿಯಿಂದ ಹೆಸರು ಬಿಟ್ಟುಹೋದರೆ ನಾವು ಬೀದಿಗಿಳಿಯುತ್ತೇವೆ. ಜನಗಣತಿ, ಜಾತಿಗಣತಿ ಅಂದರೆ ದಿನವಿಡೀ ವಾದ ಮಾಡುತ್ತೇವೆ. ಸಂಜೆಯ ಹೊತ್ತು ಲಕ್ಷಾಂತರ ಮನೆಗಳಲ್ಲಿ ಯಾವ ಹೆಣ್ಣು ಬದುಕಬೇಕು, ಅವಳು ಬದುಕಿ ಏನಾಗಬೇಕು ಅಂತ ತೀರ್ಮಾನಿಸುವ ಈ ಎಣಿಕೆಯ ಬಗ್ಗೆ ಮಾತ್ರ ‘ಅಯ್ಯೋ, ಸೀರಿಯಲ್ ವಿಷಯ’ ಅಂತ ಸುಮ್ಮನಾಗುತ್ತೇವೆ.

ಹೆಣ್ಣು ಕುರ್ಚಿಯಲ್ಲಿ ಕೂರುವ ಕಥೆಯನ್ನು ಜನ ಒಪ್ಪುವುದಿಲ್ಲ ಅಂತ ಯಾರಾದರೂ ಹೇಳಿದರೆ ಪುಟ್ಟಕ್ಕನ ಮುಖವನ್ನೇ ತೋರಿಸಿ. ಆ ಪಾತ್ರ ಮಾಡಿದ ಉಮಾಶ್ರೀ ರಂಗಭೂಮಿಯಿಂದ ಬಂದವರು. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ತೇರದಾಳದಿಂದ ಗೆದ್ದು ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾಗಿದ್ದವರು. ಅವರಿಗೆ ಮತ ಹಾಕಿದವರೂ ಇದೇ ಜನ, ಸಂಜೆ ಅವರ ಕಷ್ಟಕ್ಕೆ ಕಣ್ಣೀರು ಹಾಕಿದವರೂ ಇದೇ ಜನ.

ಹಾಗಾಗಿ ಮುಂದಿನ ಸಲ ನಿಮ್ಮ ಮನೆಯಲ್ಲಿ ಒಂದು ಪಾತ್ರ ಸತ್ತು ಎಲ್ಲರೂ ಬೇಜಾರಲ್ಲಿ ಕೂತಿದ್ದರೆ ನಗಬೇಡಿ. ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಿ: ಅವಳು ಹೋದಮೇಲೆ ಅವಳ ಯಾವ ಜಾಗವನ್ನು ತುಂಬಿದರು, ಯಾವುದನ್ನು ಖಾಲಿ ಬಿಟ್ಟರು? ನಮ್ಮ ಚಿಕ್ಕಮ್ಮ ಇದಕ್ಕೆ ನನಗಿಂತ ಬೇಗ ಉತ್ತರ ಕೊಟ್ಟಿದ್ದರು. “ಇನ್ನೊಬ್ಳು ಸೊಸೆ ಸಿಕ್ಕಿದ್ಲು ಬಿಡು. ಇನ್ನೊಬ್ಳು ಡಿಸಿ ಎಲ್ಲಿ?”