ನಿಮಗಿದು ಗೊತ್ತೇ? ಜೀನ್ ತಿದ್ದುವವರು ಯಾರನ್ನು ಕೇಳಿದರು?

● ತದ್ರೂಪಿ (ಕ್ಲೋನ್) ಕುರಿ ಡಾಲಿ ಹುಟ್ಟಿದ್ದು 1996ರ ಜುಲೈ 5ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ರೋಸ್ಲಿನ್ ಸಂಸ್ಥೆಯಲ್ಲಿ. ಸುದ್ದಿ ಹೊರಬಿದ್ದದ್ದು 1997ರ ಫೆಬ್ರುವರಿಯಲ್ಲಿ. ಆರು ವರ್ಷದ ಹೆಣ್ಣುಕುರಿಯೊಂದರ ಕೆಚ್ಚಲಿನಿಂದ ಕೋಶ ತೆಗೆದಿಟ್ಟಿದ್ದರು. ಆ ಕುರಿ ಸತ್ತೇ ಹೋಗಿತ್ತು, ಕೋಶಗಳು ಮಾತ್ರ ಫ್ರೀಜರಿನಲ್ಲಿ ಉಳಿದಿದ್ದವು. ಅವನ್ನು ಕೋಶಕೇಂದ್ರ ತೆಗೆದ ಅಂಡಾಣುಗಳೊಂದಿಗೆ ಬೆಸೆದರು. ಬೆಸೆದದ್ದು 277. ಅದರಲ್ಲಿ ಭ್ರೂಣವಾಗಿ ಗರ್ಭ ಸೇರಿದ್ದು 29, ಅವನ್ನು ಹೊತ್ತ ಕುರಿಗಳು 13, ಹುಟ್ಟಿದ ಮರಿ ಒಂದೇ. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆ ಒಂದು. ಮಿಕ್ಕ 276ರ ಲೆಕ್ಕ ಒಳಪುಟದಲ್ಲೇ ಉಳಿಯಿತು. ಕೆಚ್ಚಲಿನ ಕೋಶವೆಂಬ ಕಾರಣಕ್ಕೆ ಗಾಯಕಿ ಡಾಲಿ ಪಾರ್ಟನ್ ಅವರ ಹೆಸರಿಟ್ಟರಂತೆ. ತಮಾಷೆ ಯಾವ ಮಟ್ಟದ್ದೆಂದು ನಾನು ಹೇಳಬೇಕಿಲ್ಲ.

● ಡಾಲಿ ಶ್ವಾಸಕೋಶದ ಕಾಯಿಲೆಗೆ ಸಿಕ್ಕಿತು. 2003ರ ಫೆಬ್ರುವರಿ 14ರಂದು ಅದಕ್ಕೆ ದಯಾಮರಣ ಕೊಟ್ಟರು. ಆಗಿನ್ನೂ ಆರೂವರೆ ವರ್ಷ. ‘ತದ್ರೂಪಿಗಳಿಗೆ ಬೇಗ ಮುಪ್ಪು ಬರುತ್ತದೆ’ ಎಂಬ ಮಾತು ಅಲ್ಲಿಂದ ಶುರುವಾಯಿತು. ಆದರೆ ಅದೇ ಕೋಶಗಳಿಂದ ಆಮೇಲೆ ಹುಟ್ಟಿದ ನಾಲ್ಕು ಕುರಿಗಳನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಸಾಕಿದ್ದರು. 2016ರಲ್ಲಿ ತಪಾಸಣೆ ಮಾಡಿದಾಗ ಅವು ವಯಸ್ಸಿಗೆ ತಕ್ಕಂತೆ ಗಟ್ಟಿಮುಟ್ಟಾಗಿಯೇ ಇದ್ದವು.

● ‘ದೇವರ ಕೆಲಸಕ್ಕೆ ಮನುಷ್ಯ ಕೈ ಹಾಕಬಹುದೇ?’ ಎಂಬುದು ಈ ವಿಷಯದಲ್ಲಿ ಎಲ್ಲರೂ ಎತ್ತುವ ಪ್ರಶ್ನೆ. ನನಗೇನೋ ಅದಕ್ಕಿಂತ ಸಣ್ಣ ಪ್ರಶ್ನೆಯೇ ಹೆಚ್ಚು ಕಾಡುತ್ತದೆ: ಕೈ ಹಾಕುವ ಮುಂಚೆ ಯಾರನ್ನು ಕೇಳಿದರು? ಮುಂದಿನ ಸಂಗತಿಗಳನ್ನು ಈ ಕಣ್ಣಿಂದ ಓದಿ ನೋಡಿ.

● ತದ್ರೂಪಿ ಬೆಕ್ಕು ಅಸಲಿ ಬೆಕ್ಕಿನ ಹಾಗೆ ಕಾಣಲೇಬೇಕೆಂದೇನಿಲ್ಲ! 2001ರ ಡಿಸೆಂಬರ್ 22ರಂದು ಟೆಕ್ಸಸ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಹೆಸರು ಸಿಸಿ. ಕೋಶ ಕೊಟ್ಟ ಬೆಕ್ಕು ‘ರೇನ್‌ಬೋ’ಗೆ ಮೂರು ಬಣ್ಣ, ಬಿಳಿ, ಕಪ್ಪು, ಕೇಸರಿ. ಸಿಸಿಯ ಮೈಮೇಲೆ ಕೇಸರಿಯ ಸುಳಿವೇ ಇಲ್ಲ. ಬೆಕ್ಕಿನ ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಣ್ಣುಬೆಕ್ಕಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಬಾಯಿ ಮುಚ್ಚಿಕೊಂಡಿರುತ್ತದೆ. ಸಿಸಿಗಾಗಿ ಆರಿಸಿಕೊಂಡ ಕೋಶದಲ್ಲಿ ಬಾಯಿ ಮುಚ್ಚಿದ್ದು ಕೇಸರಿಯ ಎಕ್ಸ್.

ಈ ಪ್ರಯೋಗದ ಹಿಂದಿದ್ದದ್ದು ಸಾಕುಪ್ರಾಣಿಗಳ ತದ್ರೂಪು ಮಾಡಿ ಮಾರುವ ವ್ಯಾಪಾರ. ‘ನಿಮ್ಮ ಬೆಕ್ಕನ್ನು ಮರಳಿ ಪಡೆಯಿರಿ’ ಎಂಬ ಆಸೆ ತೋರಿಸುವವರಿಗೆ ಮೊದಲ ಬೆಕ್ಕೇ ಹೀಗೆ ಕೈಕೊಟ್ಟಿತು. ವ್ಯಾಪಾರ ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು. ಹಾಲಿವುಡ್ ನಟಿ ಬಾರ್ಬ್ರಾ ಸ್ಟ್ರೈಸೆಂಡ್ ತಮ್ಮ ಸತ್ತ ನಾಯಿಯ ತದ್ರೂಪು ಮಾಡಿಸಿ ಎರಡು ಮರಿ ಸಾಕಿಕೊಂಡ ಸಂಗತಿ 2018ರಲ್ಲಿ ಬಯಲಾಯಿತು.

● ನಾಯಿಯ ತದ್ರೂಪು ಮಾಡುವುದು ಇನ್ನೂ ಕಷ್ಟ. ಮೊದಲ ತದ್ರೂಪಿ ನಾಯಿ ‘ಸ್ನಪ್ಪಿ’ 2005ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿತು. ಅದಕ್ಕಾಗಿ 1,095 ಭ್ರೂಣಗಳನ್ನು 123 ಹೆಣ್ಣುನಾಯಿಗಳ ಗರ್ಭಕ್ಕೆ ಇಟ್ಟಿದ್ದರು. ಹುಟ್ಟಿದ್ದು ಎರಡು ಮರಿ, ಬದುಕುಳಿದದ್ದು ಒಂದು. ಒಂದು ನಾಯಿಗಾಗಿ 123 ನಾಯಿಗಳ ಮೈಮೇಲೆ ಕತ್ತರಿ!

● ಆ ಸ್ನಪ್ಪಿಯ ವಿಜ್ಞಾನಿ ಹ್ವಾಂಗ್ ವೂ-ಸುಕ್, ಮನುಷ್ಯ ಭ್ರೂಣದ ತದ್ರೂಪು ಮಾಡಿ ಕಾಂಡಕೋಶ ತೆಗೆದಿದ್ದೇನೆ ಎಂದು 2004 ಮತ್ತು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕೊರಿಯಾದಲ್ಲಿ ರಾಷ್ಟ್ರವೀರರಾದರು. ಎರಡೂ ಸುಳ್ಳೆಂದು ಸಾಬೀತಾಗಿ 2006ರ ಜನವರಿಯಲ್ಲಿ ಪತ್ರಿಕೆ ಆ ಲೇಖನಗಳನ್ನು ರದ್ದು ಮಾಡಿತು. ಹಗರಣ ಮೊದಲು ಕೆದಕಿದ್ದು ಮಾತ್ರ ಸುಳ್ಳಿನ ಜಾಡು ಹಿಡಿದಲ್ಲ, ಅಂಡಾಣುಗಳ ಜಾಡು ಹಿಡಿದು. ಪ್ರಯೋಗಕ್ಕೆ ಬಳಸಿದ ಅಂಡಾಣು ಎರಡು ಸಾವಿರಕ್ಕೂ ಹೆಚ್ಚು. ಕೊಟ್ಟವರಲ್ಲಿ ಕೆಲವರು ಹಣ ಪಡೆದವರು, ಕೆಲವರು ಅದೇ ಪ್ರಯೋಗಾಲಯದಲ್ಲಿ ಹ್ವಾಂಗ್ ಕೈಕೆಳಗೆ ಕೆಲಸಕ್ಕಿದ್ದ ಹೆಣ್ಣುಮಕ್ಕಳು. ಮೇಲಧಿಕಾರಿ ‘ಕೊಡುತ್ತೀಯಾ?’ ಎಂದು ಕೇಳಿದಾಗ ‘ಇಲ್ಲ’ ಎನ್ನುವುದು ಎಷ್ಟು ಸುಲಭ? ಅಂದಹಾಗೆ, ಇಷ್ಟೆಲ್ಲದರ ನಡುವೆ ಸ್ನಪ್ಪಿ ಮಾತ್ರ ಅಸಲಿ ತದ್ರೂಪಿಯೇ ಎಂದು ತನಿಖೆ ಹೇಳಿತು.

● ಒಂದು ಪ್ರಾಣಿ ಎರಡು ಸಲ ನಿರ್ನಾಮವಾಗಿದೆ. ಸ್ಪೇನಿನ ಪಿರನೀಸ್ ಬೆಟ್ಟಗಳ ಕಾಡುಮೇಕೆ ಬುಕಾರ್ಡೊ. ಕೊನೆಯದಾದ ‘ಸೀಲಿಯಾ’ 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತು. ಅದರ ಕೋಶದಿಂದ 2003ರಲ್ಲಿ ಹುಟ್ಟಿದ ತದ್ರೂಪಿ ಮರಿ ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಕಣ್ಣುಮುಚ್ಚಿತು.

● 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕಂಪನಿಯೊಂದು, ಹತ್ತು ಸಾವಿರ ವರ್ಷಗಳ ಹಿಂದೆ ಅಳಿದ ‘ಡೈರ್ ವುಲ್ಫ್’ ತೋಳವನ್ನು ಮರಳಿ ತಂದೆವೆಂದು ಡಂಗುರ ಸಾರಿತು. ಆದದ್ದಿಷ್ಟು: ಬೂದು ತೋಳದ 14 ಜೀನ್‌ಗಳಲ್ಲಿ 20 ತಿದ್ದುಪಡಿ. ಮಿಕ್ಕದ್ದೆಲ್ಲ ಬೂದು ತೋಳವೇ. ತಿದ್ದಿದ್ದಕ್ಕಿಂತ ನನಗೆ ಭಯವಾದದ್ದು ಆಮೇಲಿನ ಮಾತು ಕೇಳಿ. ಅಳಿದದ್ದನ್ನು ಮರಳಿ ತರಬಹುದಾದರೆ ಅಳಿವಿನಂಚಿನ ಪ್ರಾಣಿಗಳ ಕಾನೂನು ಇಷ್ಟು ಬಿಗಿ ಯಾಕಿರಬೇಕು ಎಂಬ ಧಾಟಿಯ ಮಾತು ಅಲ್ಲಿನ ಸರ್ಕಾರದ ಒಳಗಿಂದಲೇ ಬಂತು.

● ಭಾರತವೂ ಹಿಂದೆ ಬಿದ್ದಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರುವರಿಯಲ್ಲಿ ತದ್ರೂಪಿ ಎಮ್ಮೆಕರು ಹುಟ್ಟಿ ಕೆಲವೇ ದಿನಗಳಲ್ಲಿ ಸತ್ತಿತು. ಅದೇ ವರ್ಷದ ಜೂನ್‌ನಲ್ಲಿ ‘ಗರಿಮಾ’ ಹುಟ್ಟಿತು. ಕಾಶ್ಮೀರದಲ್ಲಿ 2012ರಲ್ಲಿ ಪಶ್ಮೀನಾ ಮೇಕೆ ‘ನೂರಿ’. ಮತ್ತೆ ಕರ್ನಾಲ್‌ನಲ್ಲೇ 2023ರಲ್ಲಿ ಗಿರ್ ತಳಿಯ ಕರು ‘ಗಂಗಾ’.

● 2005ರಲ್ಲಿ ವಿಶ್ವಸಂಸ್ಥೆ ಮನುಷ್ಯ ಕ್ಲೋನಿಂಗ್‌ನ ಎಲ್ಲ ಬಗೆಗಳನ್ನೂ ನಿಷೇಧಿಸಬೇಕೆಂಬ ಘೋಷಣೆಯನ್ನು ಮತಕ್ಕೆ ಹಾಕಿತು. ಪರ 84, ವಿರುದ್ಧ 34, ತಟಸ್ಥ 37. ವಿರುದ್ಧ ಕೈ ಎತ್ತಿದವರಲ್ಲಿ ಭಾರತವೂ ಇತ್ತು! ಗಾಬರಿ ಬೇಡ. ಮಗು ಹುಟ್ಟಿಸುವ ಕ್ಲೋನಿಂಗ್ ಭಾರತಕ್ಕೂ ಬೇಡವೇ ಬೇಡ. ಚಿಕಿತ್ಸೆಯ ಸಂಶೋಧನೆಗೂ ಬಾಗಿಲು ಹಾಕಬೇಡಿ ಎಂಬುದಷ್ಟೇ ತಕರಾರು. ನಮ್ಮಲ್ಲಿ ಮನುಷ್ಯರ ತದ್ರೂಪು ನಿಷಿದ್ಧ. ಆದರೆ ಆ ನಿಷೇಧ ಇರುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಲ್ಲಿ.

● ಚೀನಾದ ಶಾಂಘೈ ವಿಜ್ಞಾನಿಗಳು 2019ರಲ್ಲಿ ಐದು ತದ್ರೂಪಿ ಕೋತಿಮರಿಗಳನ್ನು ತೋರಿಸಿದರು. ಕೋಶ ಕೊಟ್ಟ ಕೋತಿಯ ಜೀನನ್ನು ನಿದ್ದೆಗೆಡುವಂತೆ ಮೊದಲೇ ತಿದ್ದಲಾಗಿತ್ತು. ತದ್ರೂಪು ತೆಗೆದದ್ದು ಕೋತಿಯನ್ನೋ, ಕಾಯಿಲೆಯನ್ನೋ?

● ಈಗ ಎಲ್ಲಕ್ಕಿಂತ ದೊಡ್ಡ ಪ್ರಕರಣ. 2018ರ ನವೆಂಬರ್‌ನಲ್ಲಿ ಚೀನಾದ ಶೆನ್‌ಝೆನ್‌ನ ವಿಜ್ಞಾನಿ ಹೆ ಜಿಯಾನ್‌ಕುಯ್, ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಯೂಟ್ಯೂಬ್‌ನಲ್ಲಿ ಹೇಳಿಕೊಂಡರು. ಲುಲು, ನಾನಾ ಎಂಬುದು ಲೋಕಕ್ಕೆ ಹೇಳಲು ಇಟ್ಟ ಹೆಸರು. ತಂದೆಗೆ ಎಚ್‌ಐವಿ ಇತ್ತು, ತಾಯಿಗಿರಲಿಲ್ಲ. ಎಚ್‌ಐವಿ ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲು ಸಿಸಿಆರ್5 ಎಂಬ ಜೀನಿನಿಂದಾದದ್ದು. ಕ್ರಿಸ್ಪರ್ ಎಂಬ ‘ಕತ್ತರಿ’ಯಿಂದ ಅದನ್ನೇ ಕೆಡಿಸಿದರೆ ಮಕ್ಕಳಿಗೆ ಸೋಂಕು ತಗುಲದು ಎಂಬುದು ಅವರ ವಾದ.

ವಾದ ಕೇಳಲು ಚೆಂದ. ಆದರೆ ತಂದೆಯಿಂದ ಮಗುವಿಗೆ ಎಚ್‌ಐವಿ ಬರದಂತೆ ವೀರ್ಯ ತೊಳೆದು ಬಳಸುವ ಸರಳ ವಿಧಾನ ಆಗಲೇ ರೂಢಿಯಲ್ಲಿತ್ತು. ಒಪ್ಪಿಗೆ ಪತ್ರದಲ್ಲಿ ಯೋಜನೆಯನ್ನು ‘ಏಡ್ಸ್ ಲಸಿಕೆ ಅಭಿವೃದ್ಧಿ’ ಎಂದು ಕರೆಯಲಾಗಿತ್ತು! ಅವಳಿಗಳಲ್ಲಿ ಒಬ್ಬಳಿಗೆ ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಬದಲಾಗಿತ್ತು, ಅಂದರೆ ರಕ್ಷಣೆಯೂ ಖಾತ್ರಿಯಿಲ್ಲ. ಮೇಲಾಗಿ ಸಿಸಿಆರ್5 ಸುಮ್ಮನೆ ಕೂತಿರುವ ಜೀನಲ್ಲ. ಅದಿಲ್ಲದವರಿಗೆ ವೆಸ್ಟ್ ನೈಲ್ ಜ್ವರ ಬಂದರೆ ಜೋರಾಗುವ ಅಪಾಯ ಹೆಚ್ಚು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ವಿಜ್ಞಾನಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಹಾಕಿತು.

ಅವರು ಜೈಲು ಮುಗಿಸಿ ಬಂದರು. ಮಕ್ಕಳ ಪಾಲಿನದು ಮಾತ್ರ ಮುಗಿಯುವಂಥದ್ದಲ್ಲ. ಭ್ರೂಣದಲ್ಲಿ ತಿದ್ದಿದ್ದು ಅಂಡಾಣುವಿಗೂ ಇಳಿಯಬಹುದು, ಮೊಮ್ಮಕ್ಕಳಿಗೂ ಹೋಗಬಹುದು. ಆರೋಗ್ಯ ನೋಡಿಕೊಳ್ಳಲು ವೈದ್ಯರು ಆ ಹುಡುಗಿಯರನ್ನು ಜೀವನವಿಡೀ ಹಿಂಬಾಲಿಸಬೇಕೋ, ಅವರ ಪಾಡಿಗೆ ಬಿಡಬೇಕೋ? ಸಹಿ ಹಾಕಿದವರು ಅಪ್ಪ ಅಮ್ಮ. ದೊಡ್ಡವರಾದ ಮೇಲೆ ಆ ಹುಡುಗಿಯರು ‘ನಮಗೆ ಇದು ಬೇಡ’ ಎಂದರೆ ವಾಪಸ್ ತೆಗೆಯುವ ಕತ್ತರಿ ಇನ್ನೂ ಬಂದಿಲ್ಲ.

● ಹಾಗೆಂದು ಕತ್ತರಿಯನ್ನೇ ಬೈಯಬೇಡಿ. ಅದೇ ಕ್ರಿಸ್ಪರ್‌ನಿಂದ ಕುಡಗೋಲು ಕಣ ರಕ್ತಹೀನತೆಗೆ, ಅಂದರೆ ಸಿಕಲ್ ಸೆಲ್ ಕಾಯಿಲೆಗೆ ತಯಾರಾದ ‘ಕ್ಯಾಸ್ಜೆವಿ’ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಇಲ್ಲಿ ತಿದ್ದುವುದು ರೋಗಿಯದೇ ರಕ್ತ ತಯಾರಿಸುವ ಕೋಶಗಳನ್ನು. ಮಕ್ಕಳಿಗೆ ಅದು ಇಳಿಯುವುದಿಲ್ಲ. ಕೇಳಿ, ತಿಳಿಸಿ, ಒಪ್ಪಿಸಿ ಮಾಡಿದ ಕೆಲಸ. ತೊಡಕಿರುವುದು ಬೆಲೆಯಲ್ಲಿ: ಅಮೆರಿಕದಲ್ಲಿ ಒಬ್ಬರಿಗೆ 22 ಲಕ್ಷ ಡಾಲರ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಕೊಡಗು-ಮೈಸೂರಿನ ಕಾಡಂಚಿನ ಜೇನುಕುರುಬರಲ್ಲಿ ಈ ಕಾಯಿಲೆ ಇದೆ. 18 ಕೋಟಿ ರೂಪಾಯಿ ಮೀರುವ ಔಷಧದ ಮಾತನ್ನು ಪೋಡಿನ (ಹಾಡಿಯ) ಜಗಲಿಯಲ್ಲಿ ಕೂತು ಹೇಗೆ ಹೇಳುವುದು?

● ಅಣ್ಣನನ್ನು ಉಳಿಸಲೆಂದೇ ತಂಗಿಯನ್ನು ಹೆರಬಹುದೇ? ಅಹಮದಾಬಾದ್‌ನಲ್ಲಿ ಇದು ನಡೆದಿದೆ. ಥಲಸ್ಸೀಮಿಯಾ ಇದ್ದ ಹುಡುಗನಿಗೆ ಅಸ್ಥಿಮಜ್ಜೆ ಹೊಂದುವಂಥ ಭ್ರೂಣವನ್ನು ಪರೀಕ್ಷಿಸಿ ಆರಿಸಿದರು. 2018ರಲ್ಲಿ ಹುಟ್ಟಿದ ಆ ಮಗುವಿನ ಮಜ್ಜೆಯನ್ನು 2020ರಲ್ಲಿ ಅಣ್ಣನಿಗೆ ಹಾಕಿದರು, ಅವನು ಚೇತರಿಸಿಕೊಂಡ. ಜೀನ್ ತಿದ್ದಲಿಲ್ಲ, ಆರಿಸಿದರು ಅಷ್ಟೆ. ನಾನಾಗಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಆದರೂ ಒಂದೂವರೆ ವರ್ಷದ ಕೂಸಿನ ಮೂಳೆಗೆ ಸೂಜಿ ಚುಚ್ಚುವಾಗ ಕೂಸನ್ನು ಕೇಳಿದವರಿಲ್ಲ.

● ಬ್ರಿಟನ್ನಿನಲ್ಲಿ 2015ರಿಂದ ಮೂವರ ಡಿಎನ್‌ಎ ಇರುವ ಮಗುವಿಗೆ ಕಾನೂನಿನ ಒಪ್ಪಿಗೆ ಇದೆ. ಮೂರನೆಯವರ ಪಾಲು ಶೇ 0.1ರಷ್ಟು.

● ಸಕ್ಕರೆ ಕಾಯಿಲೆಯವರು ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಜೀನ್ ಎಂಜಿನಿಯರಿಂಗ್‌ನ ಮೊದಲ ಔಷಧ. 1982ಕ್ಕೆ ಮುಂಚೆ ಅದು ಬರುತ್ತಿದ್ದದ್ದು ಕಸಾಯಿಖಾನೆಯ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. ಅರ್ಧ ಕಿಲೋಗೂ ಕಡಿಮೆ ಇನ್ಸುಲಿನ್‌ಗೆ 23,000ಕ್ಕೂ ಹೆಚ್ಚು ಪ್ರಾಣಿಗಳು ಬೇಕಿದ್ದವು. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದ ಮೇಲೆ ಆ ಗೋಜು ತಪ್ಪಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ‘ಪ್ರಕೃತಿಗೆ ವಿರುದ್ಧ’ ಎಂದು ಕುಲಾಂತರಿಯನ್ನು ಬೈಯುವ ಎಷ್ಟೋ ಮನೆಗಳ ಫ್ರಿಜ್ ಬಾಗಿಲಲ್ಲೇ ಕುಲಾಂತರಿ ಸೀಸೆ ಇರುತ್ತದೆ.

● ಜೀವಿಗೆ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿದ್ದು 1980ರಲ್ಲಿ, 5-4 ಮತಗಳ ಕೂದಲೆಳೆಯ ಅಂತರದಲ್ಲಿ. ಪೇಟೆಂಟ್ ಕೇಳಿದ್ದು ಕಚ್ಚಾತೈಲ ತಿನ್ನುವ ಬ್ಯಾಕ್ಟೀರಿಯಾಕ್ಕೆ, ಅದನ್ನು ರೂಪಿಸಿದ್ದು ಬಂಗಾಳ ಮೂಲದ ಆನಂದಮೋಹನ ಚಕ್ರವರ್ತಿ.

● 1998ರ ನವೆಂಬರ್ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಹೊಲವೊಂದರಲ್ಲಿ ಹತ್ತಿ ಗಿಡಗಳನ್ನು ಕಿತ್ತು ಸುಟ್ಟರು. ಸುಟ್ಟವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘದವರು. ಅದು ಕುಲಾಂತರಿ ‘ಬಿಟಿ’ ಹತ್ತಿಯ ಪ್ರಯೋಗದ ಹೊಲ. ಬೀಜ ಎಂಥದ್ದೆಂದು ಹೊಲದ ಮಾಲೀಕನಿಗೇ ಹೇಳಿರಲಿಲ್ಲ ಎಂಬುದು ಸಂಘದ ಮುಖ್ಯ ಆರೋಪ. ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು, ಇಂದು ದೇಶದ ಹತ್ತಿ ಹೊಲಗಳಲ್ಲಿ ಶೇ 90ಕ್ಕೂ ಹೆಚ್ಚು ಅದೇ. ರೈತರು ತಾವಾಗಿ ಆರಿಸಿಕೊಂಡರು ಎಂದು ಕಂಪನಿಗಳು ಹೇಳುತ್ತವೆ. ಅಂಗಡಿಯಲ್ಲಿ ಬೇರೆ ಬೀಜ ಎಷ್ಟಿದೆ ಎಂದು ಕೇಳಿ ನೋಡಿ.

● ಇನ್ನು ಬಿಟಿ ಬದನೆ. 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಹಸಿರು ನಿಶಾನೆ ತೋರಿಸಿತ್ತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ಕರೆದರು. ರೈತರು, ವಿಜ್ಞಾನಿಗಳು, ಆಯುರ್ವೇದ ವೈದ್ಯರು, ಕಂಪನಿಯವರು ಒಂದೇ ಸಭಾಂಗಣದಲ್ಲಿ ಕೂಗಾಡಿದರು. 2010ರ ಫೆಬ್ರುವರಿ 9ರಂದು ತಡೆ ಬಿತ್ತು. ಗದ್ದಲವಾದರೂ ಸರಿ, ತಿನ್ನುವವರನ್ನು ಕೇಳಿದ ಅಪರೂಪದ ಸಂದರ್ಭ ಅದು.

ಆದರೆ ಇನ್ನೊಂದು ಕಡೆ ಕೇಳಿರಲಿಲ್ಲ ಎಂಬ ದೂರು ಆಮೇಲೆ ಬಂತು. ಬಿಟಿ ಜೀನ್ ಸೇರಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಳಸಿದ ಆರು ತಳಿಗಳಲ್ಲಿ ಮಂಜರಿಗೋಟಾ, ಕುಡಚಿ ಲೋಕಲ್, ಮಲಾಪುರ ಲೋಕಲ್ ಇದ್ದವು. ‘ಉಡುಪಿ ಲೋಕಲ್’ ಕೂಡ ಇತ್ತು. ಅದು ಮಟ್ಟುಗುಳ್ಳ! ವಾದಿರಾಜರು ಮಟ್ಟು ಗ್ರಾಮದವರಿಗೆ ಕೊಟ್ಟ ಬೀಜವೆಂಬ ನಂಬಿಕೆಯಿಂದ ಬೆಳೆಯುತ್ತ, ಪರ್ಯಾಯೋತ್ಸವದಲ್ಲಿ ಉಡುಪಿಯ ಕೃಷ್ಣಮಠಕ್ಕೆ ಹೊರೆಕಾಣಿಕೆಯಾಗಿ ಒಪ್ಪಿಸುವ ದುಂಡನೆಯ ಹಸಿರು ಬದನೆ. ಸ್ಥಳೀಯ ತಳಿ ಮುಟ್ಟುವ ಮುಂಚೆ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿಲ್ಲ ಎಂದು ಬೆಂಗಳೂರಿನ ಪರಿಸರ ಸಂಘಟನೆಯೊಂದು ದೂರಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು. ಅದೇ ವರ್ಷ ಮಟ್ಟುಗುಳ್ಳಕ್ಕೆ ಜಿಐ (ಭೌಗೋಳಿಕ ಸೂಚಕ) ಮುದ್ರೆಯೂ ಬಂತು.

● ಕೊನೆಯದು ನಿಮ್ಮ ತಟ್ಟೆಯ ಹತ್ತಿರದ್ದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಬಿಡುಗಡೆ ಮಾಡಿತು. ಅದರಲ್ಲಿ ‘ಕಮಲಾ’ ಎಂಬುದು ಸಾಂಬಾ ಮಸೂರಿಯದೇ ತಿದ್ದಿದ ರೂಪ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ‘ಬಿಪಿಟಿ’ ಎಂದರೆ ಸಾಕು, ಅದೇ ಭತ್ತ. ಹೊರಗಿನ ಜೀನ್ ಸೇರಿಸಿಲ್ಲ, ಇದ್ದದ್ದನ್ನೇ ತಿದ್ದಿದ್ದೇವೆ ಎಂಬ ಕಾರಣಕ್ಕೆ ಇಂಥ ತಳಿಗಳಿಗೆ 2022ರಲ್ಲೇ ಕುಲಾಂತರಿ ನಿಯಮಗಳಿಂದ ವಿನಾಯಿತಿ ಸಿಕ್ಕಿತ್ತು. ಹಾಗಾಗಿ ಬಿಟಿ ಬದನೆಯ ಹಾಗೆ ಏಳು ಊರಿನ ಸಭೆ ಈ ಸಲ ಯಾರೂ ಕರೆಯಲಿಲ್ಲ.