ಮಗಳು ಪಿಎಚ್.ಡಿ.ಗೆ ಹೊರದೇಶಕ್ಕೆ ಹೊರಟರೆ ಒಡವೆ ಅಡ ಇಡಬೇಕೇ?



ಎಂ.ಎಸ್ಸಿ. ಮುಗಿಸಿದ ಮಗಳು "ಅಮ್ಮಾ, ಹೊರದೇಶದಲ್ಲಿ ಬಯೋಕೆಮಿಸ್ಟ್ರಿ ಪಿಎಚ್.ಡಿ. ಮಾಡ್ತೀನಿ" ಅಂದರೆ, "ಅಷ್ಟು ದುಡ್ಡು ಎಲ್ಲಿಂದ ತರೋದು?" ಎಂದು ನಮಗೆ ದಿಗಿಲಾಗುತ್ತದೆ. ಒಡವೆ ಅಡ ಇಡುವ ಮೊದಲು ಸ್ವಲ್ಪ ತಿಳಿದುಕೊಳ್ಳೋಣ.

ಏನಿದು ಬಯೋಕೆಮಿಸ್ಟ್ರಿ?
ಕನ್ನಡದಲ್ಲಿ ಜೀವರಸಾಯನಶಾಸ್ತ್ರ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ಹೇಗೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬುದೆಲ್ಲ ಇದರಲ್ಲಿ ಬರುತ್ತದೆ. ಪಿಎಚ್.ಡಿ. ಎಂದರೆ ಬರೀ ಓದಲ್ಲ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದು ಹೊಸದೊಂದನ್ನು ಕಂಡುಹಿಡಿಯುವುದು.

ದುಡ್ಡಿನ ವಿಚಾರ
ಅದು ದುಡಿಮೆ. ಆದ್ದರಿಂದ ಸಾಮಾನ್ಯವಾಗಿ ಹಣ ಕೊಡುತ್ತಾರೆ. ಅಮೆರಿಕದಲ್ಲಿ ಈ ವಿಷಯದ ಪಿಎಚ್.ಡಿ.ಗೆ ಸೇರಿದವರಿಗೆ ಹೆಚ್ಚಿನ ಕಡೆ ಫೀಸು ಮನ್ನಾ, ತಿಂಗಳ ಖರ್ಚಿಗೆ ಸ್ಟೈಪೆಂಡ್. ಸುಮಾರು 5-6 ವರ್ಷ ಹಿಡಿಯುತ್ತದೆ. ಜರ್ಮನಿಯಲ್ಲಿ ಹೆಚ್ಚಿನವರು ಸಂಬಳದ ಕರಾರಿನ ಮೇಲೆ 3-4 ವರ್ಷ ಸಂಶೋಧನೆ ಮಾಡುತ್ತಾರೆ.

ಹೊರದೇಶದ ಎಂ.ಎಸ್ಸಿ. ಬೇರೆ. ಅದಕ್ಕೆ ಅನೇಕ ಕಡೆ ಲಕ್ಷಗಟ್ಟಲೆ ಫೀಸು ಇದೆ. ಎರಡನ್ನೂ ಒಂದೇ ಎಂದು ತಿಳಿದು ಸಾಲಕ್ಕೆ ಬೀಳಬೇಡಿ. "ಪಿಎಚ್.ಡಿ. ಸೀಟು ಕೊಡಿಸ್ತೀವಿ, ಲಕ್ಷ ಕೊಡಿ" ಎನ್ನುವ ಏಜೆಂಟರನ್ನು ನಂಬಬೇಡಿ. ಅರ್ಜಿಯನ್ನು ಮಗಳೇ ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಹಾಕಬಹುದು.

ನಮ್ಮ ಕೈಯಿಂದ ಹೋಗುವುದು ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆ, ಅರ್ಜಿ ಶುಲ್ಕ, ವೀಸಾ, ವಿಮಾನದ ಟಿಕೆಟ್ ಮತ್ತು ಮೊದಲ ತಿಂಗಳ ಖರ್ಚು. ಇದೂ ಸಣ್ಣ ಮೊತ್ತವಲ್ಲ. ಆದರೆ ಸಂಘದ ಸಾಲ, ಉಳಿತಾಯ ಸೇರಿಸಿ ಮೊದಲೇ ಯೋಜನೆ ಹಾಕಬಹುದು. ಸ್ಟೈಪೆಂಡ್ ಒಬ್ಬಳ ಜೀವನಕ್ಕೆ ಮಾತ್ರ ಸಾಕಾಗುತ್ತದೆ. ಮನೆಗೆ ದುಡ್ಡು ಕಳಿಸಲಿ ಎಂದು ಕಾಯಬೇಡಿ.

"ಮದುವೆ ವಯಸ್ಸು ಮೀರುತ್ತದಲ್ಲಾ?"
1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ಸಿಗಲಿಲ್ಲ. ಪಟ್ಟು ಬಿಡದೆ ಸೇರಿದರು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಸಂಶೋಧನೆ ಮಾಡಿ, 1939ರಲ್ಲಿ ಪಿಎಚ್.ಡಿ. ಪಡೆದರು. ದೇಶಕ್ಕೆ ಮರಳಿ ನೀರಾ, ಬೇಳೆಕಾಳುಗಳ ಪೌಷ್ಟಿಕಾಂಶದ ಬಗ್ಗೆ ಕೆಲಸ ಮಾಡಿದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೊನಿ ಆದರು. ಓದೂ ಆಯಿತು, ಸಂಸಾರವೂ ಆಯಿತು.

ಹೂಂ ಅನ್ನುವ ಮೊದಲು ಮಗಳನ್ನು ಕೇಳಿ
1. ಪ್ರವೇಶ ಪತ್ರದಲ್ಲಿ ಫೀಸು ಮನ್ನಾ ಎಂದು ಬರೆದಿದೆಯೇ?
2. ತಿಂಗಳಿಗೆ ಎಷ್ಟು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ?
3. ಆ ಊರಿನ ಬಾಡಿಗೆ, ಊಟಕ್ಕೆ ಅದು ಸಾಕೇ?

ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಧೈರ್ಯವಾಗಿ ಕಳಿಸಿ.