ಡೊನಖಾ ಡೆನೆಹಿ

ಡೊನಖಾ ಡೆನೆಹಿ (ಜನನ: ೧೯೭೦) ಐರ್ಲೆಂಡಿನ ಸಮಕಾಲೀನ ಶಾಸ್ತ್ರೀಯ ಸಂಗೀತ ರಚನಕಾರರು. ಐರಿಷ್ ಭಾಷೆಯ ಪ್ರಾಚೀನ ಗಾಯನ ಪದ್ಧತಿಯನ್ನು ಆಧುನಿಕ ವಾದ್ಯವೃಂದದೊಡನೆ ಬೆಸೆದವರಲ್ಲಿ ಅವರು ಪ್ರಮುಖರು. 'ಗ್ರಾ ಆಗಸ್ ಬಾಸ್', 'ದಿ ಹಂಗರ್', 'ದಿ ಸೆಕೆಂಡ್ ವಯಲಿನಿಸ್ಟ್' ಮತ್ತು 'ಲ್ಯಾಂಡ್ ಆಫ್ ವಿಂಟರ್' ಅವರ ಹೆಸರಾಂತ ಕೃತಿಗಳು. ಡಬ್ಲಿನ್ ನಗರದ 'ಕ್ರ್ಯಾಶ್ ಆನ್ಸಾಂಬಲ್' ವಾದ್ಯವೃಂದದ ಸ್ಥಾಪಕರಲ್ಲಿ ಒಬ್ಬರಾದ ಇವರು ೨೦೧೪ರಿಂದ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆಯ ಅಧ್ಯಾಪಕರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ಡೆನೆಹಿಯವರು ಡಬ್ಲಿನ್ನಿನಲ್ಲಿ ಜನಿಸಿದರು. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತವನ್ನು ಅಭ್ಯಾಸ ಮಾಡಿ, ಅನಂತರ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿಯೂ ಅವರ ವ್ಯಾಸಂಗ ಮುಂದುವರಿಯಿತು. ಲಯದ ಬಿರುಸಿಗೆ ಮತ್ತು ಪುನರಾವರ್ತನೆಗೆ ಪ್ರಾಧಾನ್ಯ ನೀಡುವ ಪಂಥ ಹಾಗೂ ನಾದದ ಒಳರಚನೆಯನ್ನೇ ಸಂಗೀತದ ಆಧಾರವಾಗಿಸುವ ಫ್ರೆಂಚ್ ಪಂಥ ಇವೆರಡರ ಪ್ರಭಾವವೂ ಅವರ ಕೃತಿಗಳಲ್ಲಿ ಕಾಣುತ್ತದೆ. ಸ್ವದೇಶಕ್ಕೆ ಮರಳಿದ ಮೇಲೆ ತಾವು ಓದಿದ ಟ್ರಿನಿಟಿ ಕಾಲೇಜಿನಲ್ಲಿಯೇ ಬೋಧಿಸಿದರು.

ಕ್ರ್ಯಾಶ್ ಆನ್ಸಾಂಬಲ್

೧೯೯೭ರಲ್ಲಿ ಡೆನೆಹಿಯವರು ಸಂಗಡಿಗರೊಡನೆ ಸೇರಿ ಈ ವೃಂದವನ್ನು ಕಟ್ಟಿದರು. ಪಿಟೀಲು, ಕ್ಲಾರಿನೆಟ್ ಮೊದಲಾದ ವಾದ್ಯಗಳೊಡನೆ ಎಲೆಕ್ಟ್ರಿಕ್ ಗಿಟಾರ್, ಧ್ವನಿವರ್ಧಕ ಹಾಗೂ ವಿದ್ಯುನ್ಮಾನ ಧ್ವನಿಗಳನ್ನು ಬಳಸುವುದು ಇದರ ವೈಶಿಷ್ಟ್ಯ. ತನ್ನ ಕೃತಿಯನ್ನು ನುಡಿಸುವವರು ಯಾರು ಎಂಬುದು ಹೊಸ ರಚನಕಾರನ ಮುಂದಿರುವ ಮೊದಲ ಪ್ರಶ್ನೆ. ಸ್ವಂತ ವೃಂದವೊಂದು ಇದ್ದುದರಿಂದ ಡೆನೆಹಿಯವರಿಗೆ ಕಷ್ಟಸಾಧ್ಯವಾದ ಸ್ವರಪ್ರಯೋಗಗಳನ್ನು ನಡೆಸಿ ನೋಡುವ ಅವಕಾಶ ದೊರೆಯಿತು.

ನಾದದ ಸ್ವರೂಪ

ತಂತಿಯೊಂದನ್ನು ಮೀಟಿದಾಗ ಮೂಲಸ್ವರದೊಂದಿಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಸೂಕ್ಷ್ಮ ಸ್ವರಗಳೂ ಏಕಕಾಲದಲ್ಲಿ ಹೊಮ್ಮುತ್ತವೆ. ಇವೇ ಅಧಿಸ್ವರಗಳು. ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ೧೨ ಸಮಭಾಗಗಳಾಗಿ ವಿಂಗಡಿಸಲಾಗಿರುವುದರಿಂದ ಅಧಿಸ್ವರಗಳಲ್ಲಿ ಹಲವು ಅದರ ಕೀಲಿಗಳಿಗೆ ನಿಖರವಾಗಿ ಹೊಂದುವುದಿಲ್ಲ. ಎರಡು ಕೀಲಿಗಳ ನಡುವೆ ಎಲ್ಲೋ ನಿಲ್ಲುತ್ತವೆ. ಡೆನೆಹಿಯವರು ಈ ನಡುವಣ ಸ್ವರಗಳನ್ನೂ ತಮ್ಮ ಸ್ವರಮೇಳಗಳಲ್ಲಿ ಬಳಸುತ್ತಾರೆ. ಆದ್ದರಿಂದಲೇ ಅವರ ಸಂಗೀತದಲ್ಲಿ ಕೆಲವೊಮ್ಮೆ ವಿಶೇಷ ಹೊಳಪೂ ಕೆಲವೊಮ್ಮೆ ಕದಡಿದಂಥ ಭಾವವೂ ಉಂಟಾಗುತ್ತದೆ.

ಗ್ರಾ ಆಗಸ್ ಬಾಸ್

೨೦೦೭ರಲ್ಲಿ ಮೊದಲು ಪ್ರದರ್ಶಿತವಾದ ಈ ಕೃತಿಯ ಹೆಸರಿಗೆ ಐರಿಷ್ ಭಾಷೆಯಲ್ಲಿ 'ಪ್ರೇಮ ಮತ್ತು ಮರಣ' ಎಂದರ್ಥ. ಇದರ ಕೇಂದ್ರದಲ್ಲಿರುವುದು 'ಶಾನ್-ನೋಸ್', ಅಂದರೆ 'ಹಳೆಯ ರೀತಿ' ಎಂಬ ಗಾಯನ ಪದ್ಧತಿ. ಪಕ್ಕವಾದ್ಯವಿಲ್ಲದೆ ಒಬ್ಬರೇ ಹಾಡುವುದು, ತಾಳದ ಕಟ್ಟುಪಾಡಿಲ್ಲದೆ ಮಾತಿನ ಗತಿಯನ್ನು ಅನುಸರಿಸುವುದು, ಸ್ವರಗಳನ್ನು ಸೂಕ್ಷ್ಮವಾಗಿ ಅಲಂಕರಿಸುವುದು ಇದರ ಲಕ್ಷಣಗಳು. ಕಾರ್ಕ್ ಕೌಂಟಿಯ ಐರಿಷ್ ಭಾಷಿಕ ಪ್ರದೇಶದ ಗಾಯಕ ಇಯರ್ಲಾ ಓ ಲಿನಾರ್ಡ್ ಅವರಿಗಾಗಿ ಡೆನೆಹಿಯವರು ಇದನ್ನು ರಚಿಸಿದರು. ಪಕ್ಕವಾದ್ಯವನ್ನೇ ಬೇಡದ ಹಾಡಿಗೆ ವಾದ್ಯವೃಂದವನ್ನು ಸೇರಿಸಿದರೆ ಅದರ ಸ್ವಾತಂತ್ರ್ಯ ಕುಗ್ಗುವ ಅಪಾಯವಿತ್ತು. ಇಲ್ಲಿ ವೃಂದವು ಹಾಡನ್ನು ಹಿಂಬಾಲಿಸುವುದಕ್ಕಿಂತ ಹೆಚ್ಚಾಗಿ ಗಾಯಕನ ಕಂಠದ ನಾದವನ್ನೇ ವಿಸ್ತರಿಸುತ್ತದೆ. ಡಬ್ಲ್ಯು. ಬಿ. ಯೇಟ್ಸ್ ಅವರ ಕವಿತೆಗಳನ್ನು ಆಧರಿಸಿ ಗಾಯಕಿ ಡಾನ್ ಅಪ್‌ಶಾ ಅವರಿಗಾಗಿ ಬರೆದ 'ದಟ್ ದಿ ನೈಟ್ ಕಮ್' ಕೃತಿಯೊಂದಿಗೆ ಇದರ ಧ್ವನಿಮುದ್ರಿಕೆಯನ್ನು ನಾನ್‌ಸಚ್ ಸಂಸ್ಥೆಯು ೨೦೧೧ರಲ್ಲಿ ಹೊರತಂದಿತು.

ದಿ ಹಂಗರ್

'ಹಸಿವು' ಎಂಬ ಅರ್ಥದ ಈ ಕೃತಿಯ ವಸ್ತು ಐರ್ಲೆಂಡಿನ ಮಹಾಕ್ಷಾಮ. ೧೮೪೫ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ, ಅದನ್ನೇ ಮುಖ್ಯ ಆಹಾರವಾಗಿ ನಂಬಿದ್ದ ಬಡ ರೈತರು ನೆಲೆ ತಪ್ಪಿದರು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಮೃತರಾದರು. ಅದಕ್ಕೂ ಹೆಚ್ಚು ಜನರು ದೇಶ ತೊರೆದರು. ಜನಗಣತಿಯಂತೆ ೧೮೪೧ರಲ್ಲಿ ಸುಮಾರು ೮೨ ಲಕ್ಷವಿದ್ದ ಜನಸಂಖ್ಯೆ ೧೮೫೧ರ ವೇಳೆಗೆ ಸುಮಾರು ೬೫ ಲಕ್ಷಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ದೇಶದಿಂದ ಆಹಾರಧಾನ್ಯಗಳ ರಫ್ತು ನಡೆದೇ ಇತ್ತು. ಐರಿಷ್ ಮಾತನಾಡುತ್ತಿದ್ದ ಪಶ್ಚಿಮದ ಬಡ ಜನರೇ ಹೆಚ್ಚು ನಲುಗಿದ್ದರಿಂದ ಆ ಭಾಷೆಗೂ ಭಾರಿ ಪೆಟ್ಟು ಬಿದ್ದಿತು.

ಕ್ಷಾಮಕಾಲದ ಐರ್ಲೆಂಡನ್ನು ಕಣ್ಣಾರೆ ಕಂಡು ಗ್ರಂಥ ರಚಿಸಿದ ಅಮೆರಿಕದ ಮಹಿಳೆ ಅಸೆನಾತ್ ನಿಕಲ್ಸನ್ ಅವರ ಬರಹಗಳು ಈ ಕೃತಿಗೆ ಆಧಾರ. ಸೊಪ್ರಾನೋ ಗಾಯಕಿಯು ನಿಕಲ್ಸನ್ ಅವರ ಮಾತುಗಳನ್ನು ಇಂಗ್ಲಿಷಿನಲ್ಲಿ ಹಾಡಿದರೆ, ಹಸಿದ ಮನುಷ್ಯನ ದನಿಯು ಶಾನ್-ನೋಸ್ ರೀತಿಯಲ್ಲಿ ಐರಿಷ್ ಭಾಷೆಯಲ್ಲಿ ಮೂಡುತ್ತದೆ. ನೋಡುವವಳ ಭಾಷೆ ಒಂದು, ನರಳುವವನ ಭಾಷೆ ಇನ್ನೊಂದು. ಈ ಅಂತರವೇ ಕೃತಿಯ ತಿರುಳು. 'ಅಲಾರ್ಮ್ ವಿಲ್ ಸೌಂಡ್' ವೃಂದಕ್ಕಾಗಿ ರಚಿತವಾದ ಇದು ೨೦೧೬ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ರಂಗಕೃತಿಯಾಗಿ ಪ್ರದರ್ಶಿತವಾಯಿತು. ನೋಮ್ ಚಾಮ್‌ಸ್ಕಿ, ಪಾಲ್ ಕ್ರುಗ್‌ಮನ್ ಮೊದಲಾದ ಚಿಂತಕರ ಮಾತುಗಳನ್ನು ದೃಶ್ಯಮುದ್ರಿಕೆಯ ಮೂಲಕ ಇದರಲ್ಲಿ ಅಳವಡಿಸಲಾಗಿತ್ತು. ಇದರಿಂದ ಕ್ಷಾಮವು ಕೇವಲ ಪ್ರಕೃತಿವಿಕೋಪವಾಗಿ ಉಳಿಯದೆ, ಆರ್ಥಿಕ ನೀತಿಯ ಪ್ರಶ್ನೆಯಾಗಿಯೂ ಪ್ರೇಕ್ಷಕರ ಮುಂದೆ ನಿಲ್ಲುತ್ತದೆ.

ಒಪೆರಾಗಳು

ನಾಟಕಕಾರ ಎಂಡಾ ವಾಲ್ಶ್ ಅವರ ಸಾಹಿತ್ಯ ಮತ್ತು ನಿರ್ದೇಶನದೊಂದಿಗೆ ಡೆನೆಹಿಯವರು ಮೂರು ಒಪೆರಾಗಳನ್ನು ರಚಿಸಿದ್ದಾರೆ.

೧. ದಿ ಲಾಸ್ಟ್ ಹೋಟೆಲ್ (೨೦೧೫): ಎಡಿನ್‌ಬರೊ ಅಂತರರಾಷ್ಟ್ರೀಯ ಉತ್ಸವದಲ್ಲಿ ಪ್ರಥಮ ಪ್ರದರ್ಶನ ಕಂಡಿತು. ಸಾಯಲು ನಿಶ್ಚಯಿಸಿದ ಮಹಿಳೆ ಮತ್ತು ಆಕೆಗೆ ನೆರವಾಗಲು ಬಂದ ದಂಪತಿಗಳ ಕಥೆ.

೨. ದಿ ಸೆಕೆಂಡ್ ವಯಲಿನಿಸ್ಟ್ (೨೦೧೭): ಗಾಲ್ವೇ ಉತ್ಸವದಲ್ಲಿ ಪ್ರದರ್ಶಿತವಾಯಿತು. ಬದುಕು ಕುಸಿಯುತ್ತಿರುವ ಪಿಟೀಲುವಾದಕ ಇದರ ನಾಯಕ; ಒಪೆರಾದ ನಾಯಕನಾದರೂ ಆತ ಹಾಡುವುದಿಲ್ಲ. ಈ ಕೃತಿಗೆ ಒಪೆರಾ ವಿಭಾಗದ ಫೆಡೋರಾ ಪ್ರಶಸ್ತಿ ಲಭಿಸಿತು.

೩. ದಿ ಫಸ್ಟ್ ಚೈಲ್ಡ್ (೨೦೨೧): ಇದೂ ಗಾಲ್ವೇಯಲ್ಲಿಯೇ ರಂಗಕ್ಕೆ ಬಂದಿತು.

ಲ್ಯಾಂಡ್ ಆಫ್ ವಿಂಟರ್

ರೋಮನ್ನರು ಐರ್ಲೆಂಡನ್ನು 'ಹಿಬರ್ನಿಯಾ' ಎಂದು ಕರೆಯುತ್ತಿದ್ದರು. 'ಚಳಿಗಾಲದ ನಾಡು' ಎಂಬ ಕೃತಿಯ ಹೆಸರಿಗೆ ಇದೇ ಮೂಲ. ವರ್ಷದ ೧೨ ತಿಂಗಳುಗಳಿಗೆ ೧೨ ಭಾಗಗಳುಳ್ಳ ಈ ವಾದ್ಯಕೃತಿಯು ಋತುಮಾನಕ್ಕೆ ತಕ್ಕಂತೆ ಬದಲಾಗುವ ಆ ನಾಡಿನ ಬೆಳಕನ್ನು ನಾದದಲ್ಲಿ ಹಿಡಿಯಲು ಯತ್ನಿಸುತ್ತದೆ. ಅಲಾರ್ಮ್ ವಿಲ್ ಸೌಂಡ್ ನುಡಿಸಿದ ಇದರ ಧ್ವನಿಮುದ್ರಿಕೆ ೨೦೨೪ರಲ್ಲಿ ಪ್ರಕಟವಾಯಿತು.

ಗೌರವ

ಐರ್ಲೆಂಡಿನ ಕಲಾವಿದರ ಪ್ರತಿಷ್ಠಿತ ಮಂಡಳಿಯಾದ 'ಈಸ್‌ಡಾನ'ದ ಸದಸ್ಯರಾಗಿ ಡೆನೆಹಿಯವರು ಆಯ್ಕೆಯಾಗಿದ್ದಾರೆ.